ವ್ಯವಹಾರವಿದ್ಯೆಯ ಕಥೆ: ಮಾಮೂಲುಪೇಟೆಯಿಂದ ಬಿನ್ನಿಪೇಟೆಯವರೆಗೆ

ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನವರ ಹೆಸರನ್ನು ಹೊತ್ತಿರುವ ಬೆಂಗಳೂರು ನಗರ ರೈಲು ನಿಲ್ದಾಣವನ್ನು ನಡುವಿನಲ್ಲಿಟ್ಟುಕೊಂಡು ಎರಡು ಸ್ಥಳಗಳನ್ನು ತಾವು ಮನಸ್ಸಿಗೆ ತಂದುಕೊಳ್ಳಬೇಕು. ನಿಲ್ದಾಣದ ಮುಂಭಾಗದಲ್ಲಿ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಛತ್ರ. ನೈಋತ್ಯಕ್ಕೆ ಅನತಿದೂರದಲ್ಲಿ ಬಿನ್ನಿಪೇಟೆ. ಒಂದು ಸ್ವದೇಶೀ ವರ್ತಕರೊಬ್ಬರ ದಾಸೋಹದಿಂದ ಎದ್ದದ್ದು, ಇನ್ನೊಂದು ವಿದೇಶೀ ವರ್ತಕ ಸಂಸ್ಥೆಯ ಬಂಡವಾಳದಿಂದ ಬೆಳೆದದ್ದು. ಇಂದು ನಮ್ಮ ಮಕ್ಕಳು ಬಿ.ಕಾಂ., ಬಿ.ಬಿ.ಎ. ಎಂಬ ಹೆಸರಿನಲ್ಲಿ ಓದುತ್ತಿರುವ ವ್ಯವಹಾರವಿದ್ಯೆಯ ಚರಿತ್ರೆಯು ಈ ಎರಡು ಕಟ್ಟಡಗಳ ನಡುವೆ ಹೇಗೆ ಹರಿದು ಬಂದಿತೆಂಬುದನ್ನು ಅರಿಯುವುದು ಮಠದ ಭಕ್ತರಿಗೂ ಹಳೆಯ ವಿದ್ಯಾರ್ಥಿಗಳಿಗೂ ಅನಾವಶ್ಯಕವಾಗಲಾರದು.

ಕನ್ನಡ ನಾಡಿಗೆ ವ್ಯಾಪಾರದ ವಿದ್ಯೆ ಹೊಸದಲ್ಲ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರು ಕನ್ನಡ ಶಾಸನಗಳಲ್ಲಷ್ಟೇ ಅಲ್ಲ, ಕಡಲಾಚೆಯ ಸುಮಾತ್ರಾ ದ್ವೀಪದ 1088ರ ತಮಿಳು ಶಾಸನವೊಂದರಲ್ಲಿಯೂ ದೊರೆಯುತ್ತದೆ. ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಗಳಿಗೆ ವಿಪುಲವಾಗಿ ಎಡೆಗೊಟ್ಟನು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಗಣಿತಗ್ರಂಥಗಳನ್ನು ರಚಿಸಿದನು. ಅವುಗಳಲ್ಲೊಂದರ ಹೆಸರು ‘ವ್ಯವಹಾರಗಣಿತ’. ಇಂಗ್ಲಿಷಿನಲ್ಲಲ್ಲದೆ ವ್ಯವಹಾರಶಾಸ್ತ್ರವನ್ನು ಬೋಧಿಸುವುದು ಅಸಾಧ್ಯವೆಂದು ವಾದಿಸುವವರು ಈ ಹೆಸರನ್ನೊಮ್ಮೆ ನೆನೆಯುವುದು ಒಳಿತು.

ಹೀಗಿದ್ದರೂ ಈ ವಿದ್ಯೆಗೆ ನಮ್ಮ ವಿದ್ಯಾಕೇಂದ್ರಗಳಲ್ಲಿ ಪೀಠವಿರಲಿಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು ಬಣ್ಣಿಸುವ 1162ರ ಪ್ರಸಿದ್ಧ ಶಾಸನವನ್ನು ನೋಡಿರಿ. ಅಲ್ಲಿ ವ್ಯಾಕರಣಗಳುಂಟು, ದರ್ಶನಗಳುಂಟು, ಪುರಾಣಗಳುಂಟು. ದೀನರಿಗೆ ಅನ್ನವುಂಟು, ರೋಗಿಗಳಿಗೆ ಔಷಧವುಂಟು. ಆದರೆ ಜಮಾಖರ್ಚಿನ ಮಾತಿಲ್ಲ. ಅಷ್ಟು ದೊಡ್ಡ ಮಠದ ಅನ್ನದಾನ, ಔಷಧದಾನಗಳು ಲೆಕ್ಕವಿಲ್ಲದೆ ನಡೆದಿರಲಾರವಷ್ಟೆ! ಲೆಕ್ಕವಿತ್ತು, ಅದು ವಿದ್ಯೆಯೆಂದು ಎಣಿಕೆಗೆ ಬಂದಿರಲಿಲ್ಲ. ಅದನ್ನು ಕಲಿಯುವ ಸ್ಥಳ ಅಂಗಡಿಯ ಜಗಲಿ. ಕಲಿಸುವ ಗುರು ತಂದೆ ಅಥವಾ ಸೋದರಮಾವ.

ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಈ ಎಣಿಕೆಯನ್ನೇ ಬದಲಿಸಿದರೆಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ನೂಲಿನವನೂ ಮೇದನೂ ಅನುಭವಮಂಟಪದಲ್ಲಿ ಸಮಾನ ಆಸನ ಪಡೆದರು. ಆಯ್ದಕ್ಕಿ ಮಾರಯ್ಯನ ಕಥೆಯನ್ನು ತಾವೆಲ್ಲ ಬಾಲ್ಯದಲ್ಲಿಯೇ ಕೇಳಿರುವಿರಿ: ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆ. ಲಾಭದ ಮಿತಿ ಯಾವುದೆಂಬ ಪ್ರಶ್ನೆಯನ್ನು ಇಷ್ಟು ಸರಳವಾಗಿ ಎತ್ತಿದ ಪಾಠ ಇಂದಿನ ಯಾವ ನಿರ್ವಹಣಾಶಾಸ್ತ್ರದ ಪಠ್ಯದಲ್ಲಿದೆಯೋ ನಾನರಿಯೆ.

ಇನ್ನು ತೋಟದಪ್ಪನವರ ವಿಚಾರ. ಗುಬ್ಬಿಯ ಲಿಂಗಾಯತ ಮನೆತನದಲ್ಲಿ 1838ರಲ್ಲಿ ಜನಿಸಿದ ಈ ಮಹನೀಯರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿದರು. ಅವರ ಯೌವನದಲ್ಲಿ ವಾಣಿಜ್ಯ ಪದವಿಯೆಂಬುದು ಭಾರತದಲ್ಲೆಲ್ಲಿಯೂ ಇರಲಿಲ್ಲ. ಆ ಕಾಲದ ಪೇಟೆಯ ಶಿಕ್ಷಣಕ್ರಮ ಹೀಗಿತ್ತು: ಹುಡುಗನು ಮೊದಲು ಕೂಲಿಮಠದಲ್ಲಿ ಮಗ್ಗಿಯನ್ನೂ, ಕಾಲು, ಅರೆ, ವೀಸಗಳ ಲೆಕ್ಕವನ್ನೂ ಬಾಯಿಪಾಠ ಮಾಡಬೇಕು, ಬಳಿಕ ಅಂಗಡಿಗೆ ಬಂದು ಕಸ ಗುಡಿಸಬೇಕು, ಆಮೇಲೆ ತಕ್ಕಡಿ, ಆಮೇಲೆ ಬಾಕಿ ವಸೂಲಿ, ಕೈ ಶುದ್ಧವೆಂದು ಖಚಿತವಾದ ಮೇಲೆ ಕಿರ್ದಿ ಬರೆಯುವ ಕೆಲಸ, ಕಟ್ಟಕಡೆಗೆ ಗಲ್ಲಾಪೆಟ್ಟಿಗೆ. ದಿನದ ವ್ಯವಹಾರವನ್ನೆಲ್ಲ ಕಿರ್ದಿಯಲ್ಲಿ ಬರೆದು, ಅಲ್ಲಿಂದ ಒಬ್ಬೊಬ್ಬರ ಹೆಸರಿಗೆ ಖಾತೆಗೆ ಏರಿಸುವ ಆ ಪದ್ಧತಿಯೇ ಇಂದಿನ ಲೆಕ್ಕಶಾಸ್ತ್ರದ ಮೊದಲ ಪಾಠವೂ ಆಗಿದೆ. ಈ ಕ್ರಮದಲ್ಲಿ ಒಂದು ಗುಣವಿತ್ತು, ಒಂದು ದೋಷವಿತ್ತು. ನಡತೆಯ ಪರೀಕ್ಷೆಯಾಗದೆ ಹಣದ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ ಎಂಬುದು ಗುಣ. ಅಂಗಡಿಯುಳ್ಳ ಮನೆಯಲ್ಲಿ ಹುಟ್ಟದವನಿಗೂ, ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದು ದೋಷ.

ಸಂತಾನವಿಲ್ಲದ ತೋಟದಪ್ಪನವರು ತಮ್ಮ ಗಳಿಕೆಯನ್ನು ಪ್ರವಾಸಿಗಳಿಗೂ ವಿದ್ಯಾರ್ಥಿಗಳಿಗೂ ಮೀಸಲಿಟ್ಟರು. ನಿಲ್ದಾಣದೆದುರಿನ ಛತ್ರವು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಉದ್ಘಾಟನೆಗೊಂಡಿತು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು. ಹಳ್ಳಿಯ ಹುಡುಗನು ಬೆಂಗಳೂರಿನಲ್ಲಿ ಕಾಲೇಜು ಸೇರುವುದೆಂದರೆ ಊಟ ವಸತಿಗಳ ಚಿಂತೆಯೇ ಮೊದಲಿನದಾಗಿದ್ದ ಆ ದಿನಗಳಲ್ಲಿ ಅವರ ಉಚಿತ ವಿದ್ಯಾರ್ಥಿನಿಲಯ ಮಾಡಿದ ಉಪಕಾರ ಇಷ್ಟಿಷ್ಟಲ್ಲ. ಮುಂದೆ ರಾಜ್ಯದ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರೂ, ಸಿದ್ಧಗಂಗೆಯ ಪೂಜ್ಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರೂ ತಮ್ಮ ವಿದ್ಯಾರ್ಥಿದೆಸೆಯಲ್ಲಿ ಅಲ್ಲಿಯ ಅನ್ನವನ್ನುಂಡವರು. ಒಬ್ಬ ವರ್ತಕರ ಜಮಾಖರ್ಚಿನಲ್ಲಿ ಉಳಿದ ಶಿಲ್ಕು ನಾಡಿನ ಇತಿಹಾಸದ ಯಾವ ಯಾವ ಪುಟಗಳಿಗೆ ಹೋಗಿ ಜಮೆಯಾಯಿತೆಂಬುದನ್ನು ತಾವೇ ಊಹಿಸಿರಿ.

ಅತ್ತ ನಿಲ್ದಾಣದ ಇನ್ನೊಂದು ಬದಿಯಲ್ಲಿ ಬೇರೊಂದು ಬಗೆಯ ವ್ಯವಹಾರ ಬೇರೂರುತ್ತಿತ್ತು. 1884ರಲ್ಲಿ ಸ್ಥಾಪಿತವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯು 1886ರಲ್ಲಿ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿತು. ಗಿರಣಿಯಿಂದ ಪೇಟೆಗೆ ಹೆಸರು ಬಂದಿತು. ಸಾವಿರಾರು ಜನ ಕಾರ್ಮಿಕರು ನೂಲುವ, ನೇಯುವ, ಬಣ್ಣ ಹಾಕುವ ಕೆಲಸಗಳನ್ನು ಕಲಿತರು. ಆದರೆ ಗಿರಣಿಯನ್ನು ನಡೆಸುವ ಕೆಲಸವನ್ನು ಕಲಿಯುವ ಅವಕಾಶ ಅವರಿಗಿರಲಿಲ್ಲ. ಮ್ಯಾನೇಜಿಂಗ್ ಏಜೆನ್ಸಿ ಎಂಬ ಪದ್ಧತಿಯ ಮೇರೆಗೆ ಒಂದು ಸಂಸ್ಥೆಯೇ ಹಲವು ಕಂಪನಿಗಳ ಆಡಳಿತವನ್ನು ಕೈಯಲ್ಲಿಟ್ಟುಕೊಂಡು, ನಿರ್ಧಾರಗಳನ್ನೆಲ್ಲ ದೂರದ ಕಚೇರಿಯಲ್ಲಿ ಕೈಕೊಳ್ಳುತ್ತಿತ್ತು. ಆ ಬಿಳಿಯ ಆಡಳಿತಗಾರರಾದರೂ ಸರ್ವಜ್ಞರಾಗಿದ್ದರೇ? 1906ರಲ್ಲಿ ಮದರಾಸಿನ ಅರ್ಬತ್‌ನಾಟ್ ಸಂಸ್ಥೆಯು ಮುಳುಗಿದಾಗ ಬಿನ್ನಿ ಕಂಪನಿಯೂ ಕುಸಿತದ ಅಂಚಿಗೆ ಬಂದು, ಮುಂದೆ ಲಾರ್ಡ್ ಇಂಚ್‌ಕೇಪ್ ಎನಿಸಿದ ಜೇಮ್ಸ್ ಮ್ಯಾಕೇಯವರ ಕೈಗೆ ಹೋಯಿತು. ಮ್ಯಾನೇಜಿಂಗ್ ಏಜೆನ್ಸಿ ಪದ್ಧತಿಯೇ ಕಾನೂನಿನ ಮೂಲಕ 1970ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು.

ನಮ್ಮವರೇ ಉದ್ಯಮಗಳನ್ನು ಕಟ್ಟಿ ನಡೆಸಬೇಕೆಂಬ ಹಂಬಲವನ್ನು ಸರಕಾರದ ಮಟ್ಟದಲ್ಲಿ ಹೊತ್ತಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. 1911ರ ಮೈಸೂರು ಆರ್ಥಿಕ ಸಮ್ಮೇಳನ, 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ, ಅದೇ ವರ್ಷದ ಮೈಸೂರು ವಾಣಿಜ್ಯ ಮಂಡಲಿ: ಇವುಗಳನ್ನು ಒಂದೇ ಮಾಲೆಯಾಗಿ ನೋಡಬೇಕು. ಹೊರಜಗತ್ತಿನಲ್ಲಿಯೂ ಇದು ಹೊಸ ವಿದ್ಯೆಯೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಾರ್ಟನ್ ಶಾಲೆ ಆರಂಭವಾದದ್ದು 1881ರಲ್ಲಿ. ಮುಂಬಯಿಯ ಸಿಡೆನ್‌ಹ್ಯಾಂ ವಾಣಿಜ್ಯ ಕಾಲೇಜು 1913ರಲ್ಲಿ. ಅಂದರೆ ಮೈಸೂರು ಸಂಸ್ಥಾನ ಬಹಳ ಹಿಂದೆ ಬಿದ್ದಿರಲಿಲ್ಲ.

ಇದೇ 1916ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಗಿಲಗಂಚಿ, ಅರಟಾಳ ಮೊದಲಾದ ದಾನಿಗಳ ಹೆಸರನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸಬೇಕು. ಈ ಸಂಸ್ಥೆ 1947ರಲ್ಲಿ ಹುಬ್ಬಳ್ಳಿಯಲ್ಲಿ ವಾಣಿಜ್ಯ ಕಾಲೇಜನ್ನು ತೆರೆಯಿತು. ಅದಕ್ಕೆ ಇರುವ ಹೆಸರು ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜು. ಕೋಡಿಯಮಠದ ಪಟ್ಟಿಯಲ್ಲಿ ಸ್ಥಾನ ಪಡೆಯದ ಜಮಾಖರ್ಚಿಗೆ ಎಂಟು ಶತಮಾನಗಳ ತರುವಾಯ ಜಗದ್ಗುರುಗಳ ನಾಮಧೇಯವೇ ಆಶ್ರಯವಾಯಿತು. ಮುಂದೆ 1963ರಲ್ಲಿ ಅದೇ ಕೆ.ಎಲ್.ಇ. ಸಂಸ್ಥೆ ಬೆಂಗಳೂರಿನ ರಾಜಾಜಿನಗರದಲ್ಲಿ ಎಸ್. ನಿಜಲಿಂಗಪ್ಪ ಕಾಲೇಜನ್ನು ಆರಂಭಿಸಿತು. ಛತ್ರದಲ್ಲಿ ಉಂಡು ಓದಿದ ವಿದ್ಯಾರ್ಥಿಯ ಹೆಸರಿನ ಕಾಲೇಜು ಬಿನ್ನಿಪೇಟೆಯ ಗಿರಣಿ ಕಾರ್ಮಿಕರ ಮಕ್ಕಳಿಗೆ ಸಿಟಿ ಬಸ್ಸಿನ ದೂರದಲ್ಲಿ ದೊರೆಯಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು.

ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ಬಿ.ಕಾಂ. ಪದವಿಗೆ ಅಷ್ಟು ಬೆಲೆ ಬಂದದ್ದೇಕೆ? 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡು, ಹಳ್ಳಿಹಳ್ಳಿಗೂ ಶಾಖೆಗಳು ಬಂದವು. ರಾಜಾಜಿನಗರದ ಕೈಗಾರಿಕಾ ವಸಾಹತು, ಆ ಬಳಿಕ ಪೀಣ್ಯದ ಸಣ್ಣ ಕಾರ್ಖಾನೆಗಳು ಲೆಕ್ಕ ಬರೆಯುವವರನ್ನು ಬೇಡಿದವು. ಗಿರಣಿಯ ಮಗ್ಗದ ಮುಂದೆ ನಿಂತು ದುಡಿದ ತಂದೆಗೆ, ಮಗನಾಗಲಿ ಮಗಳಾಗಲಿ ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಕೆಲಸಮಾಡುವುದೇ ಜೀವನದ ಸಾರ್ಥಕ್ಯವೆನಿಸಿತು. ಹಗಲು ಕಾಲೇಜು, ಸಂಜೆ ಬೆರಳಚ್ಚಿನ ತರಗತಿ: ಇದು ಆ ಕಾಲದ ಸಾಮಾನ್ಯ ದಿನಚರಿ. ಇದನ್ನು ಗುಮಾಸ್ತಗಿರಿಯ ವಿದ್ಯೆಯೆಂದು ಹಳಿದವರಿದ್ದಾರೆ. ಮೂರು ತಲೆಮಾರು ಕೂಲಿ ಮಾಡಿದ ಮನೆಗೆ ತಿಂಗಳ ಸಂಬಳ ತಂದ ವಿದ್ಯೆಯನ್ನು ಹಳಿಯಲು ನನಗೆ ಮನಸ್ಸಾಗದು. ಕಾಲ ಕಳೆದಂತೆ ಗಿರಣಿ ಮುಚ್ಚಿತು. ಆ ನೆಲದಲ್ಲಿ ಈಗ ಬಹುಮಹಡಿ ವಸತಿಗಳೂ ಮಳಿಗೆಗಳೂ ಎದ್ದಿವೆ. ಗಿರಣಿಯ ಕೆಲಸ ಹೋದರೂ ಅನೇಕ ಮನೆಗಳು ನಿಂತದ್ದು ಈ ‘ಗುಮಾಸ್ತಗಿರಿ’ಯ ಬಲದಿಂದಲೇ.

ನಿರ್ವಹಣೆಯ ಉನ್ನತ ಶಿಕ್ಷಣಕ್ಕಾಗಿ 1961ರಲ್ಲಿ ಕಲಕತ್ತೆ, ಅಹಮದಾಬಾದುಗಳಲ್ಲಿಯೂ 1973ರಲ್ಲಿ ಬೆಂಗಳೂರಿನಲ್ಲಿಯೂ ರಾಷ್ಟ್ರೀಯ ಸಂಸ್ಥೆಗಳು ಆರಂಭವಾದವು. ಅಲ್ಲಿಗೆ ಹೋಗಲು ಆಗ ಮೊದಲೊಂದು ಪದವಿ ಬೇಕಾಗಿತ್ತು. ಹದಿನೆಂಟರ ವಯಸ್ಸಿನವರಿಗೇ ಆ ವಿದ್ಯೆಯನ್ನು ಕೊಡುವ ಉದ್ದೇಶದಿಂದ ವಿಶ್ವವಿದ್ಯಾನಿಲಯಗಳು ಬಿ.ಬಿ.ಎಂ. ಎಂಬ ಪದವಿಯನ್ನು ತಂದವು. ಅದೇ ಮುಂದೆ ಬಿ.ಬಿ.ಎ. ಆಯಿತು. ಬಿ.ಕಾಂ. ನಡೆದುಹೋದ ವ್ಯವಹಾರವನ್ನು ಸರಿಯಾಗಿ ಬರೆದಿಡುವುದನ್ನು, ತೆರಿಗೆ ಕಾನೂನುಗಳನ್ನು, ಲೆಕ್ಕಪರಿಶೋಧನೆಯನ್ನು ಮುಖ್ಯವಾಗಿ ಕಲಿಸುತ್ತದೆ, ಬಿ.ಬಿ.ಎ. ಮಾರುಕಟ್ಟೆ, ಸಿಬ್ಬಂದಿ, ಉತ್ಪಾದನೆ, ಹಣಕಾಸು ಇವುಗಳ ಕುರಿತು ಮುಂದಿನ ನಿರ್ಧಾರ ಕೈಕೊಳ್ಳುವುದನ್ನು. ಇನ್ನು ಸ್ವಂತ ಉದ್ಯಮ ಹೂಡುವ ಪಾಠ. ಅದನ್ನು ಪದವಿಯ ಹಂಗಿಲ್ಲದೆ ಗ್ರಾಮೀಣ ಯುವಕರಿಗೆ ಕಲಿಸಿದ ಕೀರ್ತಿ 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಆರಂಭಿಸಿದ ರುಡ್‌ಸೆಟ್ ಸಂಸ್ಥೆಗೆ ಸಲ್ಲಬೇಕು. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಒಂದು ಧರ್ಮಕ್ಷೇತ್ರದ ಈ ಪ್ರಯೋಗವೇ ಮುಂದೆ ದೇಶದ ಇತರ ಜಿಲ್ಲೆಗಳ ತರಬೇತಿ ಕೇಂದ್ರಗಳಿಗೆ ಮಾದರಿಯಾಯಿತು.

ಭಕ್ತ ಬಂಧುಗಳೇ, ಇಲ್ಲಿ ಒಂದು ಕಟುಸತ್ಯವನ್ನು ಹೇಳಲೇಬೇಕಾಗಿದೆ. ಛತ್ರದ ಕಾಲದಲ್ಲಿ ವ್ಯಾಪಾರದ ಲಾಭ ವಿದ್ಯೆಗೆ ಹರಿದು ಬರುತ್ತಿತ್ತು. ನಮ್ಮ ಕಾಲದಲ್ಲಿ ವಿದ್ಯೆಯಿಂದಲೇ ಲಾಭ ಹರಿಯುವುದನ್ನು ಕಾಣುತ್ತಿದ್ದೇವೆ. ಬಿ.ಕಾಂ.ಗಿಂತ ಬಿ.ಬಿ.ಎ.ಗೆ ಶುಲ್ಕ ಹೆಚ್ಚಿಸಿ, ಹೆಸರಿನ ಬೆಡಗಿನಿಂದ ವಿದ್ಯಾರ್ಥಿಗಳನ್ನು ಸೆಳೆಯುವ ಕಾಲೇಜುಗಳಿವೆ. ಉಚಿತ ಪ್ರಸಾದನಿಲಯದಲ್ಲಿದ್ದು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಇಂಗ್ಲಿಷಿನ ಗೋಡೆಯೊಂದು, ಶುಲ್ಕದ ಗೋಡೆಯೊಂದು. ಹಳೆಯ ಪೇಟೆಯ ದೋಷ, ಅಂದರೆ ಅಂಗಡಿಯುಳ್ಳವನ ಮಗನಿಗೆ ಮಾತ್ರ ಬಾಗಿಲು ತೆರೆಯುವುದು, ಹೊಸ ವೇಷದಲ್ಲಿ ಮರಳಿದರೆ ಇಷ್ಟೆಲ್ಲ ಕಟ್ಟಿದ ದಾನಿಗಳಿಗೆ ನಾವು ಏನು ಉತ್ತರ ಕೊಡಬೇಕು? ಮಠಗಳ ಕಾಲೇಜುಗಳು ಈ ಪ್ರಶ್ನೆಯನ್ನು ಬೇರೆಯವರಿಗಿಂತ ಮೊದಲು ತಮಗೆ ತಾವೇ ಹಾಕಿಕೊಳ್ಳಬೇಕೆಂಬುದು ನನ್ನ ನಮ್ರ ಅಭಿಪ್ರಾಯ.

ಸರಕಾರದ ನಿಯಮಗಳೂ ಈಚೆಗೆ ತ್ವರಿತವಾಗಿ ಬದಲಾಗಿವೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021–22ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷಗಳ ಪದವಿಯ ವ್ಯವಸ್ಥೆ ಬಂದಿತು. 2024–25ರಿಂದ ಮರಳಿ ಮೂರು ವರ್ಷಗಳ ಪದವಿಯಾಯಿತು. ಅದೇ ವರ್ಷದಿಂದ ಬಿ.ಬಿ.ಎ. ನಡೆಸುವ ಕಾಲೇಜುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆಯನ್ನೂ ಪಡೆಯಬೇಕಾಗಿದೆ, ಬಿ.ಕಾಂ.ಗೆ ಈ ಕಟ್ಟಳೆಯಿಲ್ಲ. ಆದುದರಿಂದ ಮಕ್ಕಳನ್ನು ಸೇರಿಸಲು ಹೋಗುವ ತಂದೆತಾಯಿಗಳು ಕಟ್ಟಡದ ಅಂದವನ್ನು ನೋಡುವುದಕ್ಕೆ ಮೊದಲು ಆ ಅನುಮೋದನೆಯ ಪತ್ರವನ್ನು ತೋರಿಸುವಂತೆ ಕೇಳಬೇಕು. ಪಾಠ ಹೇಳುವವರು ಕಾಯಂ ಅಧ್ಯಾಪಕರೋ, ವರ್ಷಕ್ಕೊಮ್ಮೆ ಬದಲಾಗುವವರೋ ವಿಚಾರಿಸಬೇಕು. ಮೂರು ವರ್ಷಗಳ ಒಟ್ಟು ವೆಚ್ಚವನ್ನು ಒಂದೇ ಹಾಳೆಯಲ್ಲಿ ಬರೆಯಿಸಿಕೊಳ್ಳಬೇಕು. ಲೆಕ್ಕಶಾಸ್ತ್ರವನ್ನು ಕಲಿಸುವ ಕಾಲೇಜಿಗೆ ಇದು ಕಷ್ಟದ ಕೆಲಸವಾಗಲಾರದು. ಬಡ ವಿದ್ಯಾರ್ಥಿಗೆ ಶುಲ್ಕದಲ್ಲಿ ಏನು ರಿಯಾಯಿತಿಯುಂಟೆಂದು ಕೇಳಲು ಸಂಕೋಚಪಡಬಾರದು. ಆ ಪ್ರಶ್ನೆಯನ್ನು ಕೇಳುವ ಹಕ್ಕು ಹಳೆಯ ವಿದ್ಯಾರ್ಥಿಗಳಿಗಂತೂ ಇನ್ನೂ ಹೆಚ್ಚಾಗಿಯೇ ಇದೆ.