ಮಾರ್ಸೆಯೇಸ್ ಗೀತವೂ ಅದರ ಕರ್ತೃವೂ

ರಾಷ್ಟ್ರಗೀತವನ್ನು ನಾವು ಎದ್ದು ನಿಂತು ಕೇಳುತ್ತೇವೆ. ಅದನ್ನು ಕಟ್ಟಿದವನ ಗತಿಯೇನಾಯಿತೆಂದು ವಿಚಾರಿಸುವುದು ಅಪರೂಪ. ಫ್ರಾನ್ಸ್ ದೇಶದ ರಾಷ್ಟ್ರಗೀತವಾದ ‘ಲಾ ಮಾರ್ಸೆಯೇಸ್’ ಒಬ್ಬ ಸೈನಿಕನ ಕೃತಿ. ಆತನ ಕಥೆಯನ್ನು ಸಂಗ್ರಹವಾಗಿ ನೋಡೋಣ.

1792ನೆಯ ಇಸವಿ ಏಪ್ರಿಲ್ 20ರಂದು ಕ್ರಾಂತಿಯ ಫ್ರಾನ್ಸು ಆಸ್ಟ್ರಿಯದ ಮೇಲೆ ಯುದ್ಧವನ್ನು ಸಾರಿತು. ಈ ವಾರ್ತೆಯು ರೈನ್ ನದಿಯ ಗಡಿಯಲ್ಲಿರುವ ಸ್ಟ್ರಾಸ್‌ಬರ್ಗ್ ಪಟ್ಟಣವನ್ನು ಮುಟ್ಟಿದಾಗ, ಅಲ್ಲಿಯ ಪುರಾಧ್ಯಕ್ಷನಾದ ದೀತ್ರಿಕ್ ಎಂಬುವನು, ಸೈನ್ಯವು ಹಾಡುತ್ತ ನಡೆಯಲು ತಕ್ಕ ಗೀತವೊಂದನ್ನು ರಚಿಸಬೇಕೆಂದು ರೂಜೇ ದ ಲೀಲ್ ಎಂಬ ಕ್ಯಾಪ್ಟನ್ನನನ್ನು ಕೇಳಿದನು. ರೂಜೇಗೆ ಆಗ 31 ವರ್ಷ. ಸೇನೆಯ ಇಂಜಿನಿಯರ್ ದಳಕ್ಕೆ ಸೇರಿದವನು, ಪದ್ಯ ಸಂಗೀತಗಳೆರಡರಲ್ಲಿಯೂ ಅಭ್ಯಾಸವುಳ್ಳವನು. ಏಪ್ರಿಲ್ 25ರ ರಾತ್ರಿ ಕುಳಿತವನು ಬೆಳಗಾಗುವಷ್ಟರಲ್ಲಿ ಹಾಡನ್ನು ಮುಗಿಸಿದನು. ಅದಕ್ಕೆ ಆತನಿಟ್ಟ ಹೆಸರು ‘ರೈನ್ ಸೇನೆಯ ಯುದ್ಧಗೀತ’.

ಹಾಡು ಬಹುಬೇಗ ಕರ್ತೃವಿನ ಕೈಮೀರಿತು. ದಕ್ಷಿಣದ ಮಾರ್ಸೇಲ್ಸ್ ರೇವುಪಟ್ಟಣದಿಂದ ಪ್ಯಾರಿಸಿಗೆ ಹೊರಟ ಸ್ವಯಂಸೇವಕ ಭಟರು ದಾರಿಯುದ್ದಕ್ಕೂ ಅದನ್ನು ಹಾಡಿದರು. ಕೇಳಿದ ಜನರು ಅದನ್ನು ಮಾರ್ಸೇಲ್ಸಿನವರ ಹಾಡೆಂದೇ ಕರೆದರು. ಆಗಸ್ಟ್ 10ರಂದು ಅರಮನೆಗೆ ನುಗ್ಗಿದವರಲ್ಲಿ ಆ ಭಟರೂ ಇದ್ದರು. ಅರಸೊತ್ತಿಗೆ ಉರುಳಿತು.

ರೂಜೇಯಾದರೋ ಶಾಸನಬದ್ಧವಾದ ಅರಸುತನವೇ ಲೇಸೆಂದು ನಂಬಿದವನು. ದೊರೆಯ ಪದಚ್ಯುತಿಯನ್ನು ಒಪ್ಪದೆ ಹೋದುದರಿಂದ ಹುದ್ದೆಯನ್ನು ಕಳೆದುಕೊಂಡನು. 1793ರಲ್ಲಿ ಸೆರೆಮನೆಯನ್ನೂ ಕಂಡನು. ಹಾಡನ್ನು ಬೇಡಿದ ದೀತ್ರಿಕ್ಕನು ಅದೇ ವರ್ಷದ ಡಿಸೆಂಬರಿನಲ್ಲಿ ಗಿಲೊಟಿನ್ ಯಂತ್ರಕ್ಕೆ ತಲೆಯೊಪ್ಪಿಸಬೇಕಾಯಿತು. ಯಾವ ಸೇನಾಪತಿಗೆ ಹಾಡು ಅರ್ಪಿತವಾಗಿತ್ತೋ ಆ ಲುಕ್ನರನಿಗೂ 1794ರ ಜನವರಿಯಲ್ಲಿ ಅದೇ ಗತಿಯಾಯಿತು. ರೂಜೇ ಮಾತ್ರ ಪ್ರಾಣಸಹಿತವಾಗಿ ಹೊರಗೆ ಬಂದನು.

1795ರ ಜುಲೈ 14ರಂದು ಸರ್ಕಾರವು ಆ ಹಾಡನ್ನು ರಾಷ್ಟ್ರಗೀತವೆಂದು ಅಂಗೀಕರಿಸಿತು. ಬೂರ್ಬನ್ ಅರಸರು ಮರಳಿ ಬಂದಾಗ ಅದು ನಿಷಿದ್ಧವಾಯಿತು. 1830ರ ಕ್ರಾಂತಿಯಲ್ಲಿ ಮತ್ತೆ ಬೀದಿಗಳಲ್ಲಿ ಮೊಳಗಿತು. ಹೊಸ ದೊರೆ ಲೂಯಿ ಫಿಲಿಪ್ಪನು ಮುಪ್ಪಿನ ರೂಜೇಗೆ ವೇತನವನ್ನು ಗೊತ್ತುಮಾಡಿದನು. 1836ರಲ್ಲಿ ರೂಜೇ ತೀರಿಕೊಂಡನು. 1879ರಲ್ಲಿ ಹಾಡಿಗೆ ರಾಷ್ಟ್ರಗೀತದ ಪದವಿ ಪುನಃ ದೊರೆಯಿತು. ಮೊದಲನೆಯ ಮಹಾಯುದ್ಧದ ನಡುವೆ, 1915ರ ಜುಲೈ 14ರಂದು, ಆತನ ಅವಶೇಷಗಳನ್ನು ಮೆರವಣಿಗೆಯಲ್ಲಿ ಪ್ಯಾರಿಸಿನ ಇನ್ವಾಲಿದ್ ಭವನಕ್ಕೆ ತಂದರು.

ರಾಜ್ಯಕ್ಕೆ ಹಾಡು ಬೇಕಾದಾಗಲೆಲ್ಲ ಹಾಡಿನವನು ಬೇಕಾಗಿರಲಿಲ್ಲ. ಗಡಿಯಾಚೆಯ ಶತ್ರುವಿಗೆಂದು ಆತನು ಕಟ್ಟಿದ ಹಾಡನ್ನು ಜನರು ತಮ್ಮ ದೊರೆಯ ವಿರುದ್ಧವೇ ಹಾಡಿದರು. ಆದುದರಿಂದ ಒಂದು ಗೀತದ ಚರಿತ್ರೆಯನ್ನು ತಿಳಿಯಬೇಕಾದರೆ, ಬರೆದವನ ಮನಸ್ಸನ್ನಷ್ಟೇ ಅಲ್ಲದೆ ಹಾಡಿದವರ ಮನಸ್ಸನ್ನೂ ನಾವು ಬೇರೆಯಾಗಿ ವಿಚಾರಿಸಬೇಕು.