ಹೆರಿಗೆ ಕೋಣೆಯ ನರ್ಸಮ್ಮ: ಕಾಯುವುದರಿಂದ ಅಳೆಯುವವರೆಗೆ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಷ್ಟು ಹೊತ್ತಿಗೆ ಸೂಲಗಿತ್ತಿಯ ಕೆಲಸ ಬಹುಮಟ್ಟಿಗೆ ಆಸ್ಪತ್ರೆಯ ಪಾಲಾಗಿತ್ತು. ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಎಂದು ಹೇಳುವುದು, ಬೇನೆ ತಿನ್ನುವವಳನ್ನು ಮಾತಾಡಿಸುತ್ತ ಗಂಟೆಗಟ್ಟಲೆ ಕೂರುವುದು ಆಕೆಗೆ ಗೊತ್ತಿತ್ತು. ರಕ್ತ ಹರಿಯತೊಡಗಿದರೆ ಮಾತ್ರ ಕೈಯಲ್ಲಿ ಔಷಧವಿರಲಿಲ್ಲ.

ಐವತ್ತರ ದಶಕದಿಂದ ಸಹಾಯಕ ನರ್ಸ್-ಸೂಲಗಿತ್ತಿ, ಅಂದರೆ ಎಎನ್‌ಎಂ ತರಬೇತಿ ಪಡೆದವರು ಹಳ್ಳಿಗೆ ಬಂದರು. ಜನ ‘ನರ್ಸಮ್ಮ’ ಎಂದರು. ಆದರೆ 1973ರ ಕರ್ತಾರ್ ಸಿಂಗ್ ಸಮಿತಿ ಆಕೆಯನ್ನು ಬಹೂದ್ದೇಶ ಕಾರ್ಯಕರ್ತೆಯನ್ನಾಗಿಸಿತು. ಲಸಿಕೆ, ಕುಟುಂಬ ಯೋಜನೆ, ರಿಜಿಸ್ಟರುಗಳ ನಡುವೆ ಹೆರಿಗೆ ಮಾಡಿಸುವ ಕೈ ಪಳಗುವುದೇ ನಿಂತಿತು. ಆ ನಷ್ಟವನ್ನು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ.

ಕಾಯುವ ಕೆಲಸಕ್ಕೆ ಅಳತೆಗೋಲು ಬಂದದ್ದು ಹೊರಗಿನಿಂದ. ಗರ್ಭಕೋಶದ ಬಾಯಿ ಎಷ್ಟು ಹೊತ್ತಿಗೆ ಎಷ್ಟು ತೆರೆಯುತ್ತದೆ ಎಂಬುದನ್ನು 1954ರಲ್ಲಿ ಅಮೆರಿಕದ ಫ್ರೀಡ್‌ಮನ್ ನಕ್ಷೆಗಿಳಿಸಿದರು. 1972ರಲ್ಲಿ ಈಗಿನ ಜಿಂಬಾಬ್ವೆಯಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ ಅದಕ್ಕೆ ಎರಡು ಗೆರೆ ಸೇರಿಸಿದರು. ಹೆರಿಗೆ ನಿಧಾನವಾಗಿ ಗೆರೆ ದಾಟಿದರೆ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂದು ಹಳ್ಳಿಯ ನರ್ಸಿಗೇ ತಿಳಿಯುವಂತಾಯಿತು. ಪಾರ್ಟೋಗ್ರಾಫ್ ಎಂಬ ಈ ನಕ್ಷೆ ಎಷ್ಟೋ ಕಡೆ ಹೆರಿಗೆ ಮುಗಿದ ಮೇಲೆ ತುಂಬಿಸುವ ಕಾಗದವಾದದ್ದು ಬೇರೆ ಮಾತು. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕೆಂಬ ಹಟವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಬಿಟ್ಟಿತು. 2020ರ ಅದರ ಹೊಸ ನಮೂನೆಯಲ್ಲಿ ಜೊತೆಗೆ ಯಾರಿದ್ದಾರೆ, ಕುಡಿಯಲು ಕೊಟ್ಟರೇ, ಯಾವ ಭಂಗಿಯಲ್ಲಿದ್ದಾಳೆ ಎಂದು ಬರೆಯುವ ಸಾಲುಗಳಿವೆ. ಸೂಲಗಿತ್ತಿ ನೋಡಿಕೊಳ್ಳುತ್ತಿದ್ದುದೂ ಇವನ್ನೇ.

ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ಅಧ್ಯಾಯ ಬೆಳಗಾವಿಯದು. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗದಿದ್ದರೆ ತಾಯಿ ಕೆಲವೇ ಗಂಟೆಗಳಲ್ಲಿ ಕೈತಪ್ಪಬಹುದು. ಅದನ್ನು ಗಟ್ಟಿಮಾಡುವ ಆಕ್ಸಿಟೋಸಿನ್‌ಗೆ ತಣ್ಣನೆ ಪೆಟ್ಟಿಗೆ ಬೇಕು, ಸೂಜಿ ಬೇಕು. ಹಾಗಾಗಿ ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ 2002ರಿಂದ 2005ರವರೆಗೆ ಬೇರೊಂದು ದಾರಿ ಪರೀಕ್ಷಿಸಿದರು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆತ್ತ 1,620 ಹೆಂಗಸರಿಗೆ ಎಎನ್‌ಎಂಗಳೇ ಮಾತ್ರೆ ನುಂಗಿಸಿದರು. ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಕಣ್ಣಂದಾಜು ಬಹುಮಟ್ಟಿಗೆ ಕಡಿಮೆಯೇ ಹೇಳುತ್ತದೆಂದು, ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಹಿಡಿದರು. ಅತಿಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಇದು ಪ್ರಕಟವಾಯಿತು. ಡಾಕ್ಟರಿಲ್ಲದ ಕಡೆ ಔಷಧವನ್ನು ಎಎನ್‌ಎಂ ಕೈಗೆ ನಂಬಿ ಕೊಡಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಅಂಥದೇ ಚೀಲ 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗದಲ್ಲಿ ಮತ್ತೆ ಕಾಣಿಸಿತು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ, ರಕ್ತ ಅಳೆದು ಒಡನೆಯೇ ಗರ್ಭಕೋಶ ನೀವುವುದು, ಔಷಧ, ಡ್ರಿಪ್ ಎಲ್ಲವನ್ನೂ ಒಟ್ಟಿಗೆ ಶುರುಮಾಡಿದ ಕಡೆ ತೀವ್ರ ಸ್ರಾವ, ಅದರಿಂದಾಗುವ ಶಸ್ತ್ರಕ್ರಿಯೆ ಮತ್ತು ಸಾವು ಒಟ್ಟಾರೆ ಶೇ. 60ರಷ್ಟು ತಗ್ಗಿದವು.

ಬಾಣಂತನದ ಕಡೆ ಬಂದರೆ ಹೇಳಲು ಇಷ್ಟಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ತವರಿಗೆ ಹೋದ ಮೇಲೆ ಬಾಣಂತಿ ಎಣ್ಣೆನೀರು, ಮೆಣಸಿನ ಸಾರು, ಕಿವಿಗೆ ಹತ್ತಿಯ ಲೋಕಕ್ಕೆ ಸೇರುತ್ತಾಳೆ. ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಮನೆಗೆ ಬರುತ್ತಾರೆ, ಆದರೆ ಆ ಭೇಟಿಗಳ ಹೆಸರೇ ನವಜಾತ ಶಿಶು ಆರೈಕೆ. ತೂಕ ನೋಡುವುದು ಮಗುವಿನದು. ತಾಯಿಯ ಜ್ವರ, ಹೊಲಿಗೆಯ ನೋವು ವಿಚಾರಿಸುವುದುಂಟು. ಕಾರಣವಿಲ್ಲದೆ ಅಳು ಬರುತ್ತಿದೆಯೇ ಎಂದು ಕೇಳುವವರು ಕಡಿಮೆ. ಇಂಥ ಆರೈಕೆಗೆ ಕಲಿತ ಕೈಗಳೂ ಬೇಕು. 2018ರ ಕೊನೆಗೆ ಕೇಂದ್ರ ಸರ್ಕಾರ ನರ್ಸುಗಳಿಗೆ ಸೂಲಗಿತ್ತಿ ವಿದ್ಯೆಯ 18 ತಿಂಗಳ ತರಬೇತಿಯನ್ನು ಘೋಷಿಸಿತು. ಹಾಗೆ ಕಲಿತು ಬಂದವರನ್ನು ಹೆರಿಗೆ ಕೋಣೆಯಲ್ಲೇ ಉಳಿಸಿಕೊಳ್ಳದೆ ಮತ್ತೆ ಬೇರೆ ವಾರ್ಡಿನ ಪಾಳಿಗೆ ಹಾಕಿದರೆ, 1973ರಲ್ಲಿ ಆದದ್ದೇ ಇನ್ನೊಮ್ಮೆ ಆಗುತ್ತದೆ.