ಎನ್‌ಮೋರಿನ ಐವರು

ದಕ್ಷಿಣ ಅಮೆರಿಕದ ಉತ್ತರ ಕರಾವಳಿಯ ಗಯಾನಾ ದೇಶಕ್ಕೆ ಬ್ರಿಟಿಷರ ಆಳ್ವಿಕೆಯಲ್ಲಿ ಬ್ರಿಟಿಷ್ ಗಯಾನಾ ಎಂದು ಹೆಸರಿತ್ತು. ಗುಲಾಮಗಿರಿ ನಿಂತಮೇಲೆ ಅಲ್ಲಿನ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1838ರ ಮೇ 5ರಂದು ವಿಟ್‌ಬಿ, ಹೆಸ್ಪೆರಸ್ ಎಂಬ ಹಡಗುಗಳು ನಮ್ಮ ದೇಶದ ಮೊದಲ ಕರಾರು ಕೂಲಿಗಳನ್ನು ಅಲ್ಲಿಗೆ ಮುಟ್ಟಿಸಿದವು. 1917ರವರೆಗೆ ಹೀಗೆ ಹೋದವರು ಎರಡು ಲಕ್ಷಕ್ಕೂ ಮಿಕ್ಕು. ಕರಾರು ಪದ್ಧತಿ ಅಳಿಯಿತು. ಸಾಲುಮನೆಗಳ ಬಾಳು ಮಾತ್ರ ಅಳಿಯಲಿಲ್ಲ.

1948ರ ಜಗಳದ ಮೂಲ ಮೇಲುನೋಟಕ್ಕೆ ಸಣ್ಣದು. ಹಿಂದೆ ಕಬ್ಬನ್ನು ಕಡಿದು ಕೆಡವಿದರೆ ಕಡಿಯುವವನ ಕೆಲಸ ಮುಗಿಯುತ್ತಿತ್ತು. 1945ರಿಂದ ಅವನೇ ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಕಾಲುವೆಯ ದೋಣಿಗೆ ತುಂಬಬೇಕೆಂದು ಕಟ್ಟಳೆಯಾಯಿತು. ಅದನ್ನು ಕೈಬಿಡಿ, ನಾವು ನೆಚ್ಚಿದ ಸಂಘವನ್ನು ಮಾನ್ಯ ಮಾಡಿ ಎಂದು ಕೂಲಿಕಾರರು ಕೇಳಿದರು. ಮಾಲೀಕರು ಬೇರೊಂದು ಸಂಘವನ್ನಷ್ಟೇ ಒಪ್ಪಿದ್ದರು. ಏಪ್ರಿಲ್ 22ರಂದು ಮುಷ್ಕರ ಮೊದಲಾಯಿತು.

ಜೂನ್ 16ರ ಬೆಳಗ್ಗೆ ಎನ್‌ಮೋರಿನ ಸಕ್ಕರೆ ಕಾರ್ಖಾನೆಯ ಬಳಿ ಕೂಲಿಕಾರರು ಗುಂಪುಗೂಡಿದರು. ಆವರಣವನ್ನು ಹೊಗಲು ಯತ್ನಿಸಿದ ಗುಂಪಿನ ಮೇಲೆ ಪೊಲೀಸರು ಗೋಲಿಬಾರು ಮಾಡಿದರು. ಲಾಲಾಬಾಜಿ ಕಿಸೂನ್, ಪೂರನ್, ರಾಂಬರನ್, ದೂಖಿ, ಹ್ಯಾರಿ ಎಂಬ ಐವರು ಮಡಿದರು, ಹದಿನಾಲ್ವರು ಗಾಯಗೊಂಡರು. ಕಿಸೂನನಿಗೆ ಗುಂಡು ತಗುಲಿದ್ದು ಬೆನ್ನಿಗೆ. ವಿಚಾರಣಾ ಆಯೋಗ ಮೊದಲ ಗುಂಡುಗಳನ್ನು ಸಮರ್ಥಿಸಿತು; ಆಮೇಲಿನ ಗೋಲಿಬಾರು ಅಗತ್ಯವನ್ನು ಮೀರಿತ್ತೆಂದು ಒಪ್ಪಿತು. ಒಪ್ಪಿದರೇನು, ಹೋದ ಪ್ರಾಣ ಬಂದೀತೆ?

ಮರುದಿನ ಶವಯಾತ್ರೆ ಸುಮಾರು 16 ಮೈಲಿ ನಡೆದು ರಾಜಧಾನಿ ಜಾರ್ಜ್‌ಟೌನನ್ನು ಮುಟ್ಟಿತು. ಅದರ ಮುಂದಾಳುಗಳಲ್ಲಿ ತೋಟದ ಕೂಲಿ ಮನೆತನದಲ್ಲಿ ಹುಟ್ಟಿ ದಂತವೈದ್ಯರಾಗಿದ್ದ ಚೆಡ್ಡಿ ಜಗನ್ ಒಬ್ಬರು. ನಾಡಿನ ಬಿಡುಗಡೆಗಾಗಿ ಬಾಳನ್ನು ಮುಡಿಪಿಡುವೆನೆಂದು ಅವರು ಸಮಾಧಿಯ ಬಳಿ ಪ್ರತಿಜ್ಞೆ ಮಾಡಿದರು. 1950ರಲ್ಲಿ ಅವರೂ ಸಂಗಡಿಗರೂ ಪಕ್ಷ ಕಟ್ಟಿದರು. 1953ರಲ್ಲಿ ಚುನಾವಣೆ ಗೆದ್ದರು. ಬ್ರಿಟಿಷರು 133 ದಿನಗಳಲ್ಲೇ ಆ ಸರಕಾರವನ್ನು ಕಿತ್ತೊಗೆದರು. ಸ್ವಾತಂತ್ರ್ಯ ಬಂದದ್ದು 1966ರ ಮೇ 26ರಂದು. ಜಗನ್ ರಾಷ್ಟ್ರಾಧ್ಯಕ್ಷರಾದದ್ದು 1992ರಲ್ಲಿ.

ಕೂಲಿಕಾರರ ಬೇಡಿಕೆಯ ಗತಿಯೇನಾಯಿತು? ಆ ಹೋರಾಟದ ಪರಂಪರೆಯಲ್ಲಿ ಬೆಳೆದ ಸಂಘಕ್ಕೆ ಮಾನ್ಯತೆ ದೊರೆತದ್ದು 1976ರಲ್ಲಿ, 28 ವರ್ಷಗಳ ಮೇಲೆ. ಮರುವರ್ಷ ಎನ್‌ಮೋರಿನಲ್ಲಿ ಸ್ಮಾರಕವೆದ್ದಿತು. 2017ರ ಕೊನೆಗೆ ಅಲ್ಲಿನ ಸಕ್ಕರೆ ಉದ್ಯಮವೇ ಬಾಗಿಲು ಹಾಕಿತು. ಆದರೂ ಪ್ರತಿ ಜೂನ್ 16ರಂದು ಜನ ಅಲ್ಲಿ ಸೇರಿ ಐವರನ್ನು ಹೆಸರು ಹಿಡಿದು ನೆನೆಯುತ್ತಾರೆ. ಹಡಗಿನ ದಾಖಲೆಯಲ್ಲಿ ಬರಿಯ ಅಂಕಿಗಳಾಗಿ ಹೋದವರ ಕುಲಕ್ಕೆ ಹೆಸರು ಉಳಿಯಿತೆಂಬುದು ಸಣ್ಣ ಮಾತಲ್ಲ.